ಸಾಸಿವೆ ಕಾಳಿನಷ್ಟು ಗಾಳಿ

ಮನೆಯಲ್ಲಿ ಮಾಡುತ್ತಿದ್ದ ಐದನೇ ಸರ್ಕ್ಯೂಟ್ ಬೋರ್ಡೂ ಹಾಳಾದ ರಾತ್ರಿ ನಾನು ಯುವಿ (ನೇರಳಾತೀತ) ದೀಪದ ಪೆಟ್ಟಿಗೆಯನ್ನೇ ಬಿಚ್ಚಿಕೊಂಡು ಕೂತಿದ್ದೆ. ಒಂದೊಂದು ಎಲ್‌ಇಡಿಯನ್ನೂ ಮಲ್ಟಿಮೀಟರಿನ ಮೊನೆಯಿಂದ ಮುಟ್ಟಿ ನೋಡಿದೆ. ಗಾಜು ಒರೆಸಿದೆ. ಟೈಮರ್ ಸರಿಯಾಗಿ ಎಣಿಸುತ್ತಿದೆಯೋ ಇಲ್ಲವೋ ಎಂದು ಗಡಿಯಾರ ಹಿಡಿದು ಪರೀಕ್ಷೆ ಮಾಡಿದೆ. ಎಲ್ಲ ಸರಿಯಿತ್ತು. ಬೋರ್ಡಿನ ಮೇಲೆ ಮಾತ್ರ ಅಲ್ಲೊಂದು ಇಲ್ಲೊಂದು ತಾಮ್ರದ ಗೆರೆ ತುಂಡಾಗಿತ್ತು, ಯಾರೋ ಬ್ಲೇಡಿನ ತುದಿಯಿಂದ ಕೆತ್ತಿ ತೆಗೆದ ಹಾಗೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನ ಕತೆಯಲ್ಲಿ ಆ ನೆಲದ ಪಾತ್ರ ಮಾಡಿದ್ದು ಬಡಪಾಯಿ ದೀಪ.

ಮನೆಯಲ್ಲೇ ಸರ್ಕ್ಯೂಟ್ ಬೋರ್ಡ್ ಮಾಡುವವರು ಸೇರಿದರೆ ಮಾತೆಲ್ಲ ಬೆಳಕಿನದ್ದೇ. ಎಷ್ಟು ಸೆಕೆಂಡು, ಎಷ್ಟು ದೂರ, 365 ನ್ಯಾನೊಮೀಟರೋ 405ಓ. ತಾಮ್ರದ ಮೇಲೆ ಫೋಟೊರೆಸಿಸ್ಟ್, ಅಂದರೆ ಬೆಳಕಿಗೆ ಗುಣ ಬದಲಿಸಿ ಗೆರೆಗಳ ತಾಮ್ರವನ್ನು ಕಾಪಾಡುವ ಪದರ, ಕೂರಿಸುವ ಕೆಲಸಕ್ಕೆ ಮಾತ್ರ ಒಂದೇ ಸಾಲು: "ಫಿಲ್ಮ್ ಅಂಟಿಸಿ." ಲಕೋಟೆಗೆ ಅಂಚೆಚೀಟಿ ಅಂಟಿಸಿ ಅನ್ನುವಷ್ಟು ಸಲೀಸಾಗಿ. ಆ ಒಂದು ಸಾಲು ಕಲಿಯಲು ನನಗೆ ಮೂರು ತಿಂಗಳು ಹಿಡಿಯಿತು.

ಅದಕ್ಕೂ ಮೊದಲು ನಾನು ಟೋನರ್ ಪಂಗಡದವಳು. ಲೇಸರ್ ಪ್ರಿಂಟರಿನಲ್ಲಿ ನುಣುಪು ಕಾಗದದ ಮೇಲೆ ಅಚ್ಚು ತೆಗೆದು, ಇಸ್ತ್ರಿಪೆಟ್ಟಿಗೆಯಿಂದ ಒತ್ತಿ ತಾಮ್ರಕ್ಕೆ ದಾಟಿಸುವುದು. ದಪ್ಪ ಗೆರೆಗಳ ಬೋರ್ಡಿಗೆ ಅದಕ್ಕಿಂತ ಸುಲಭದ ದಾರಿ ಇಲ್ಲ, ಈಗಲೂ ಹಾಗೇ ಹೇಳುತ್ತೇನೆ. ಆದರೆ ಗೋಡೆ ಗಡಿಯಾರವೊಂದಕ್ಕೆ ನಾನು ಆರಿಸಿಕೊಂಡ ಚಿಪ್‌ಗೆ 48 ಕಾಲು, ಬದಿಗೆ ಹನ್ನೆರಡರಂತೆ, ಕಾಲಿನಿಂದ ಕಾಲಿಗೆ 0.5 ಮಿಲಿಮೀಟರ್. ಇಸ್ತ್ರಿಯ ಒತ್ತಡಕ್ಕೆ ಕರಗಿದ ಟೋನರ್ ಅಕ್ಕಪಕ್ಕಕ್ಕೆ ಹರಡಿ ಹನ್ನೆರಡೂ ಕಾಲುಗಳು ಕೈಕೈ ಹಿಡಿದು ನಿಂತವು. ಒತ್ತಡ ಕಡಿಮೆ ಮಾಡಿದರೆ ಅರ್ಧ ಅಚ್ಚು ಕಾಗದದಲ್ಲೇ ಉಳಿಯಿತು. ಕೊನೆಗೆ ಡ್ರೈ ಫಿಲ್ಮ್, ಅಂದರೆ ಒಣ ಹಾಳೆಯ ರೂಪದ ಫೋಟೊರೆಸಿಸ್ಟ್, ಸುರುಳಿಯೊಂದನ್ನು ತರಿಸಿದೆ.

ಕಪ್ಪು ಚೀಲದೊಳಗೆ ಬಂದದ್ದು ನೋಡಲು ನೀಲಿ ಬಣ್ಣದ ತೆಳು ಪ್ಲಾಸ್ಟಿಕ್ ಹಾಳೆ. "ಅಕ್ಕಾ, ಫಿಲ್ಮ್ ಬಂತು ಸರಿ, ಟಾಕೀಸ್ ಎಲ್ಲಿ ಕಟ್ಟಿಸ್ತೀಯ?" ಅಂದ ನನ್ನ ತಮ್ಮ. ಬಚ್ಚಲುಮನೆಯಲ್ಲಿ ಅಂದೆ. ಅಲ್ಲಿ ಕಿಟಕಿ ಚಿಕ್ಕದು, ಬಿಳಿ ಬಲ್ಬ್ ತೆಗೆದು ಹಳದಿ ಹಾಕಿದರೆ ಮುಗಿಯಿತು. ಈ ರೆಸಿಸ್ಟ್‌ಗೆ ನೇರಳೆ ಮತ್ತು ನೇರಳಾತೀತ ಬೆಳಕು ಮಾತ್ರ ತಾಗುತ್ತದೆ, ಹಳದಿ ಕಣ್ಣಿಗೇ ಬೀಳುವುದಿಲ್ಲ. ಕತ್ತಲೆಯಲ್ಲಿ ತಡಕಾಡಬೇಕಾಗಿಲ್ಲ.

ಹಾಳೆಯಲ್ಲಿ ಮೂರು ಪದರ. ಒಂದು ಕಡೆ ಪಾಲಿಥಿನ್, ಇನ್ನೊಂದು ಕಡೆ ಪಾಲಿಯೆಸ್ಟರ್, ನಡುವೆ ರೆಸಿಸ್ಟ್. ಆ ನಡುವಿನ ಪದರ 30ರಿಂದ 40 ಮೈಕ್ರಾನ್, ಹೆಚ್ಚುಕಮ್ಮಿ ಅದರಡಿಯ ತಾಮ್ರದಷ್ಟೇ ದಪ್ಪ. ಪಾಲಿಥಿನ್ ಸುಲಿದು, ರೆಸಿಸ್ಟನ್ನು ತಾಮ್ರಕ್ಕೆ ಒತ್ತಬೇಕು. ಪಾಲಿಯೆಸ್ಟರ್ ಮಾತ್ರ ಬೆಳಕು ಕೊಟ್ಟು ಮುಗಿಯುವವರೆಗೂ ಮೇಲೆ ಹಾಗೇ ಇರಬೇಕು. ಅದು ಬರೀ ಧೂಳಿಗೆ ಹೊದಿಸಿದ ಹೊದಿಕೆ ಎಂದುಕೊಂಡಿದ್ದೆ. ಅಲ್ಲ. ಬೆಳಕು ಬಿದ್ದಾಗ ರೆಸಿಸ್ಟಿನಲ್ಲಿ ಹುಟ್ಟುವ, ಸಿಕ್ಕಿದ್ದಕ್ಕೆ ಅಂಟಿಕೊಳ್ಳಲು ತವಕಿಸುವ ರ‍್ಯಾಡಿಕಲ್‌ಗಳು ಅಣುಗಳನ್ನು ಒಂದಕ್ಕೊಂದು ಹೆಣೆದು ಗಟ್ಟಿ ಮಾಡುತ್ತವೆ. ಗಾಳಿಯ ಆಮ್ಲಜನಕ ಒಳಗೆ ಬಂದರೆ ಆ ರ‍್ಯಾಡಿಕಲ್‌ಗಳನ್ನು ನಡುವೆಯೇ ನುಂಗಿಬಿಡುತ್ತದೆ. ಪಾಲಿಯೆಸ್ಟರ್ ಬಾಗಿಲು ಕಾಯುವ ಆಳು.

ಸುಲಿಯುವುದು ಹೇಗೆ? ಉಗುರಿನಿಂದ ಆಗುವುದಿಲ್ಲ, ಪ್ರಯತ್ನಿಸಿ ಕೈಬಿಟ್ಟಿದ್ದೇನೆ. ಮೂಲೆಯ ಎರಡೂ ಬದಿಗೆ ಸೆಲೋಟೇಪಿನ ಒಂದೊಂದು ತುಂಡು ಅಂಟಿಸಿ, ಎರಡನ್ನೂ ಫಟ್ಟನೆ ಎಳೆದರೆ ಪಾಲಿಥಿನ್ ಬಿಟ್ಟುಕೊಳ್ಳುತ್ತದೆ. ಒಮ್ಮೆ ತಪ್ಪು ಬದಿ ಬಿಟ್ಟುಕೊಂಡು, ಪಾಲಿಯೆಸ್ಟರ್ ಕೈಗೆ ಬಂತು. ಗಮನಿಸದೆ ಹಾಗೇ ಅಂಟಿಸಿ, ಬೆಳಕು ಕೊಟ್ಟು, ತೊಳೆದು, ಇಡೀ ಚಿತ್ರ ನೀರಿನಲ್ಲಿ ನೀಲಿ ಲೋಳೆಯಾಗಿ ಹರಿದು ಹೋದದ್ದನ್ನು ನೋಡಿದ ಮೇಲೆ, ಈಗ ಸುಲಿದ ತುಂಡನ್ನು ಎಸೆಯುವ ಮುಂಚೆ ಎಳೆದು ನೋಡುತ್ತೇನೆ. ಪಾಲಿಥಿನ್ ಮೆತ್ತಗೆ ಹಿಗ್ಗುತ್ತದೆ, ಪಾಲಿಯೆಸ್ಟರ್ ಜಗ್ಗುವುದಿಲ್ಲ.

ಆದರೆ ಐದು ಬೋರ್ಡು ಕೆಟ್ಟದ್ದು ಇದರಿಂದಲ್ಲ. ಗೆರೆ ತುಂಡಾಗುತ್ತಿತ್ತಲ್ಲ, ಬೆಳಕು ಸಾಲದೆ ರೆಸಿಸ್ಟ್ ಗಟ್ಟಿಯಾಗಿಲ್ಲ ಅಂತ ನನ್ನ ತೀರ್ಪು. 60 ಸೆಕೆಂಡನ್ನು 90 ಮಾಡಿದೆ, ಆಮೇಲೆ 120, ಆಮೇಲೆ 180. ಗೆರೆ ತುಂಡಾಗುವುದು ನಿಲ್ಲಲಿಲ್ಲ. ಬದಲಿಗೆ ಚಿಪ್ಪಿನ ಕಾಲುಗಳ ನಡುವಿನ ಸಂದುಗಳಲ್ಲೂ ರೆಸಿಸ್ಟ್ ಗಟ್ಟಿಯಾಗಿ ಕೂತಿತು. ಅಂದರೆ ಒಂದೇ ಬೋರ್ಡಿನಲ್ಲಿ ಬೆಳಕು ಕಡಿಮೆಯಾದ ಲಕ್ಷಣವೂ ಇದೆ, ಹೆಚ್ಚಾದ ಲಕ್ಷಣವೂ ಇದೆ. ಅಲ್ಲಾದರೂ ನನಗೆ ಸಂಶಯ ಬರಬೇಕಿತ್ತು.

ಸತ್ಯ ಸಿಕ್ಕಿದ್ದು ಫೋನಿನಲ್ಲಿ. ಐದನೇ ಬೋರ್ಡಿಗೆ ಫಿಲ್ಮ್ ಅಂಟಿಸಿದಾಗ, ಎಷ್ಟು ಚಂದ ಕೂತಿದೆ ನೋಡು ಎಂದು ತಮ್ಮನಿಗೆ ತೋರಿಸಲು ಹಳದಿ ಬೆಳಕಿನಲ್ಲಿ ಒಂದು ಫೋಟೊ ತೆಗೆದಿದ್ದೆ. ದೀಪದ ಪೆಟ್ಟಿಗೆ ಬಿಚ್ಚಿ ಸೋತ ರಾತ್ರಿ, ಸುಮ್ಮನೆ ಆ ಫೋಟೊ ತೆರೆದು ದೊಡ್ಡದು ಮಾಡಿದೆ. ಬೆಳಕು ಓರೆಯಾಗಿ ಬಿದ್ದಿದ್ದ ಕಡೆ ಏಳೆಂಟು ಚುಕ್ಕೆ ಹೊಳೆಯುತ್ತಿದ್ದವು. ಸಾಸಿವೆ ಕಾಳಿನಷ್ಟು, ಕೆಲವು ಅದಕ್ಕೂ ಚಿಕ್ಕವು. ಕೆಟ್ಟ ಬೋರ್ಡನ್ನು ಪಕ್ಕದಲ್ಲಿ ಹಿಡಿದೆ. ಚುಕ್ಕೆಯಿದ್ದಲ್ಲೆಲ್ಲ ಗೆರೆ ತುಂಡು. ಒಂದೂ ತಪ್ಪಿರಲಿಲ್ಲ. ಗುಳ್ಳೆಯ ಮೇಲಿನ ರೆಸಿಸ್ಟ್ ಬೆಳಕಿಗೆ ಚೆನ್ನಾಗಿಯೇ ಗಟ್ಟಿಯಾಗಿದೆ, ಆದರೆ ಅದರಡಿ ಹಿಡಿದುಕೊಳ್ಳಲು ತಾಮ್ರವೇ ಇಲ್ಲ, ಗಾಳಿ. ತೊಳೆಯುವಾಗ ಆ ಗುಮ್ಮಟ ಒಡೆಯುತ್ತದೆ, ಬೇಡದ ತಾಮ್ರವನ್ನು ಕರಗಿಸುವ (ಅದಕ್ಕೆ ಎಚ್ಚಿಂಗ್ ಅನ್ನುತ್ತಾರೆ) ಫೆರಿಕ್ ಕ್ಲೋರೈಡ್ ಒಳಗೆ ನುಗ್ಗಿ ಗೆರೆಯನ್ನು ತಿಂದು ಹೋಗುತ್ತದೆ. ಈ ಕೆಲಸದ ಕೇಡೇ ಇದು: ತಪ್ಪು ಮಾಡುವುದು ಒಂದು ಹೊತ್ತಿಗೆ, ಅದು ಕಣ್ಣಿಗೆ ಬೀಳುವುದು ಎರಡು ಗಂಟೆ ಬಿಟ್ಟು, ಇನ್ನೊಂದು ಹಂತದಲ್ಲಿ. ಅಷ್ಟರಲ್ಲಿ ಎದುರಿಗೆ ಯಾರಿದ್ದರೆ ಅವರ ಮೇಲೆ ಗೂಬೆ.

ಗುಳ್ಳೆ ಯಾಕೆ ಬಂತು ಅಂತ ಹಿಂದಕ್ಕೆ ಹೋದರೆ ಮೊದಲು ಸಿಕ್ಕಿದ್ದು ನನ್ನ ಬೆರಳು. ತಾಮ್ರ ಹೊಳೆಯುತ್ತಿದ್ದರೆ ಶುಚಿಯಾಗಿದೆ ಎಂದು ನಾನು ನಂಬಿದ್ದೆ. ಹೊಳಪಿಗೂ ಶುಚಿಗೂ ಸಂಬಂಧವಿಲ್ಲ. ಬೆರಳಿನ ಜಿಡ್ಡು ಕಾಣುವುದಿಲ್ಲ, ನೀರಿಗೆ ಕಾಣುತ್ತದೆ. ಬೋರ್ಡನ್ನು ನೀರಿನಲ್ಲಿ ಅದ್ದಿ ನೆಟ್ಟಗೆ ಎತ್ತಿ ಹಿಡಿಯಬೇಕು. ನೀರು ಒಂದೇ ಪರದೆಯಾಗಿ ಮೂವತ್ತು ಸೆಕೆಂಡು ನಿಂತರೆ ಶುಚಿ. ಎಲ್ಲಾದರೂ ಪರದೆ ಹರಿದು ಹನಿಯಾಗಿ ಸರಿದರೆ ಅಲ್ಲಿ ಜಿಡ್ಡಿದೆ. ಕಾರ್ಖಾನೆಗಳಲ್ಲೂ ಇದೇ ಪರೀಕ್ಷೆ ಮಾಡುತ್ತಾರೆ. ನಾನು ಹೊಳೆಯುವ ಬೋರ್ಡನ್ನು ಮೊದಲ ಸಲ ಹೀಗೆ ಎತ್ತಿ ಹಿಡಿದಾಗ ನೀರು ನಡುವೆ ಸರಿದು, ಹೆಬ್ಬೆರಳಿನ ಆಕಾರದ ಒಣ ಜಾಗವೊಂದು ಬಿಟ್ಟುಕೊಂಡಿತು. ಪೊಲೀಸರಿಗೆ ಕೊಡಬಹುದಿತ್ತು.

ಈಗಿನ ನನ್ನ ಕ್ರಮ: ಹಸಿರು ಸ್ಕ್ರಬ್ಬರ್, ಪಾತ್ರೆ ತಿಕ್ಕುವ ಪುಡಿ, ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ. ಹೊಳಪು ಹೋಗಿ ಮಂಕು ಗುಲಾಬಿ ಬಣ್ಣ ಬರಬೇಕು. ಆ ಸಣ್ಣ ಗೀರುಗಳೇ ಫಿಲ್ಮಿಗೆ ಕಾಲೂರಲು ಜಾಗ. ಒರಟು ಉಪ್ಪುಕಾಗದ ಬೇಡ, ಅದರ ಗೀರು ಚರಂಡಿಯಾಗಿ ಎಚ್ಚಿಂಗ್ ದ್ರಾವಣವನ್ನು ಫಿಲ್ಮಿನಡಿ ಕರೆದೊಯ್ಯುತ್ತದೆ. ಉಕ್ಕಿನ ನಾರೂ ಬೇಡ, ಅದರ ಚೂರು ತಾಮ್ರದಲ್ಲಿ ಚುಚ್ಚಿಕೊಂಡು ತುಕ್ಕು ಹಿಡಿಯುತ್ತದೆ. ಆಮೇಲೆ ಸಿಟ್ರಿಕ್ ಆಸಿಡ್ ನೀರಿನಲ್ಲಿ ಒಂದು ನಿಮಿಷ, ಆಕ್ಸೈಡ್ ಹೋಗಲಿ ಅಂತ. ಧಾರಾಳ ನೀರು, ನೀರಿನ ಪರೀಕ್ಷೆ, ಕೂದಲು ಒಣಗಿಸುವ ಡ್ರೈಯರ್. ಹಿಡಿಯುವುದು ಅಂಚಿನಲ್ಲಿ ಮಾತ್ರ. ತಾನಾಗಿ ಒಣಗಲಿ ಎಂದು ಬಿಟ್ಟರೆ ಹನಿ ನಿಂತಲ್ಲೆಲ್ಲ ಕಂದು ಕಲೆ ಏಳುತ್ತದೆ.

ಎರಡನೆಯ ಅಪರಾಧಿ ಇಸ್ತ್ರಿಪೆಟ್ಟಿಗೆ. ಇದನ್ನು ಹೇಳುವಾಗ ಬೇಸರ, ಟೋನರ್ ಕಾಲದಿಂದ ಜೊತೆಗಿದ್ದದ್ದು. ಆದರೆ ಅದು ಚಪ್ಪಟೆ. ಚಪ್ಪಟೆ ವಸ್ತುವಿನಿಂದ ಒತ್ತಿದರೆ ನಡುವಿನ ಗಾಳಿಗೆ ಓಡಲು ದಾರಿಯಿರುವುದಿಲ್ಲ. ಗಾಳಿ ಹೊರಗೆ ಹೋಗಬೇಕಾದರೆ ಒತ್ತಡ ಒಂದು ಗೆರೆಯಾಗಿ ಬರಬೇಕು, ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ತಳ್ಳಿಕೊಂಡು ಹೋಗಬೇಕು. ಅಂದರೆ ಉರುಳೆ. ಗುರುತಿನ ಚೀಟಿಗೆ ಪ್ಲಾಸ್ಟಿಕ್ ಹಾಕುವ ಲ್ಯಾಮಿನೇಟರ್ ಈ ಕೆಲಸಕ್ಕೆಂದೇ ಹುಟ್ಟಿದಂತಿದೆ. ಫಿಲ್ಮಿಗೆ ಬೇಕಾದದ್ದು 100ರಿಂದ 110 ಡಿಗ್ರಿ, ಅದರ ಉರುಳೆಯೂ ಸುಮಾರು ಅಷ್ಟೇ ಬಿಸಿ. ತೊಡಕು ಒಂದೇ: 1.6 ಮಿಲಿಮೀಟರ್ ಬೋರ್ಡು ನನ್ನ ಯಂತ್ರದ ಬಾಯಿಗೆ ಹಿಡಿಸಲಿಲ್ಲ, ಉಸಿರು ಕಟ್ಟಿದ ಹಾಗೆ ಗುರ್ ಅಂದು ನಿಂತಿತು. ನಾನು ತೆಳು, 0.8 ಮಿಲಿಮೀಟರ್ ಬೋರ್ಡಿಗೆ ಬದಲಾದೆ. ತಣ್ಣನೆಯ ಬೋರ್ಡು ಉರುಳೆಯ ಬಿಸಿಯನ್ನೆಲ್ಲ ಹೀರಿಬಿಡುವುದರಿಂದ, ಫಿಲ್ಮ್ ಹಾಕುವ ಮೊದಲು ಬರಿಯ ಬೋರ್ಡನ್ನೇ ಎರಡು ಸಲ ದಾಟಿಸುತ್ತೇನೆ.

ಇಷ್ಟಾದರೂ ಒಂದೆರಡು ಗುಳ್ಳೆ ಉಳಿಯುತ್ತಿದ್ದವು. ಅವು ಹೋದದ್ದು ನೀರಿನಿಂದ. ಮೊದಲ ಸಲ ಓದಿದಾಗ ತಮಾಷೆ ಅನ್ನಿಸಿತ್ತು: ಅಷ್ಟು ಕಷ್ಟಪಟ್ಟು ಒಣಗಿಸಿದ ಬೋರ್ಡಿನ ಮೇಲೆ ಮತ್ತೆ ನೀರು ಚಿಮುಕಿಸಿ, ಅದರ ಮೇಲೆ ಫಿಲ್ಮ್ ತೇಲಿಸುವುದು. ಆದರೆ ಯೋಚಿಸಿ ನೋಡಿ. ಒಣ ತಾಮ್ರಕ್ಕೆ ಫಿಲ್ಮ್ ತಾಗಿದ ಕ್ಷಣವೇ ಹಿಡಿದುಕೊಳ್ಳುತ್ತದೆ, ಎತ್ತಿ ಮತ್ತೆ ಕೂರಿಸುವ ಮಾತಿಲ್ಲ, ನಡುವೆ ಸಿಕ್ಕ ಗಾಳಿ ಅಲ್ಲೇ ಸೆರೆ. ನೀರಿದ್ದರೆ ಫಿಲ್ಮ್ ಜಾರುತ್ತದೆ. ಹಳೆಯ ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ನಡುವಿನಿಂದ ಹೊರಗೆ ಸವರುತ್ತ ಬಂದರೆ ನೀರು ಓಡುತ್ತದೆ, ಗಾಳಿಯನ್ನೂ ಜೊತೆಗೆ ಎಳೆದೊಯ್ಯುತ್ತದೆ. ಕೂದಲೆಳೆಯಷ್ಟು ಉಳಿದ ತೇವವನ್ನು ರೆಸಿಸ್ಟೇ ಕುಡಿದು ಮೆತ್ತಗಾಗಿ, ತಾಮ್ರದ ಗೀರುಗಳೊಳಗೆ ಇನ್ನೂ ಚೆನ್ನಾಗಿ ಇಳಿಯುತ್ತದೆ. ಅಂಚು ಒರೆಸಿ, ಕಾಗದದ ನಡುವೆ ಇಟ್ಟು ಲ್ಯಾಮಿನೇಟರಿಗೆ ಮೂರು ಸಲ. ಆಮೇಲೆ ಕಾಲು ಗಂಟೆ ಆರಲು ಬಿಡುವುದು, ಮತ್ತು ಓರೆ ಬೆಳಕಿನಲ್ಲಿ ಒಂದು ಫೋಟೊ. ಆ ಫೋಟೊ ಈಗ ನನ್ನ ಕಡ್ಡಾಯ ಹಂತ. ಗುಳ್ಳೆ ಕಂಡರೆ ಫಿಲ್ಮ್ ಸುಲಿದು ಮತ್ತೆ ಮೊದಲಿನಿಂದ. ಹೋಗುವುದು ಅಂಗೈಯಗಲದ ಫಿಲ್ಮ್, ಉಳಿಯುವುದು ಬೋರ್ಡು.

ನಡುವೆ ಒಮ್ಮೆ ತಾಳ್ಮೆ ಕೆಟ್ಟು ಸ್ಪ್ರೇ ರೆಸಿಸ್ಟಿಗೂ ಹೋಗಿ ಬಂದೆ. ಗುಳ್ಳೆಯ ರಗಳೆಯೇ ಬೇಡ, ಬಣ್ಣ ಹೊಡೆದ ಹಾಗೆ ಹೊಡೆದುಬಿಡೋಣ ಅಂತ. ಇದು ಡ್ರೈ ಫಿಲ್ಮಿನ ತದ್ವಿರುದ್ಧ ಜಾತಿ, ಬೆಳಕು ಬಿದ್ದಲ್ಲಿ ಕರಗಿ ಹೋಗುತ್ತದೆ. ಇದರೊಳಗಿನ ಡಯಾಜೊನ್ಯಾಫ್ಥೊಕ್ವಿನೋನ್ ಎಂಬ ರಾಸಾಯನಿಕ ಕತ್ತಲೆಯಲ್ಲಿ ರಾಳವನ್ನು ಕ್ಷಾರಕ್ಕೆ ಕರಗದಂತೆ ತಡೆದಿರುತ್ತದೆ. ಬೆಳಕು ಬಿದ್ದರೆ ಅದೇ ಆಮ್ಲವಾಗಿ ಮಾರ್ಪಟ್ಟು ರಾಳದ ಸಮೇತ ಕರಗುತ್ತದೆ. ನಕಲುಕಾಗದಕ್ಕೂ ಮುದ್ರಣದ ಫಲಕಕ್ಕೂ ಜರ್ಮನಿಯಲ್ಲಿ ಹುಟ್ಟಿದ ಈ ರಸಾಯನ ಆಮೇಲೆ ಚಿಪ್ ತಯಾರಿಕೆಗೆ ಹೋಗಿ ದಶಕಗಟ್ಟಲೆ ಆಳಿತು. ಅಂಥ ಕುಲೀನ ಪದಾರ್ಥವನ್ನು ನಾನು ಬಚ್ಚಲುಮನೆಯಲ್ಲಿ ಹೊಡೆದೆ. ಬೋರ್ಡನ್ನು ನಿಲ್ಲಿಸಿ ಹೊಡೆದರೆ ಕೆಳಗಿಳಿದು ಅಂಚಿನಲ್ಲಿ ದಪ್ಪ ಕಟ್ಟಿತು. ಮಲಗಿಸಿ ಹೊಡೆದರೆ ಧೂಳು ಬಂದು ಕೂತಿತು. ಧೂಳು ಅಂದರೆ ಎಂಥದು ಎಂದು ನನಗೆ ಗೊತ್ತೇ ಇರಲಿಲ್ಲ ಅನ್ನಿಸಿದ್ದು ಅವತ್ತು. ಒಂದೊಂದು ಕಣದ ಸುತ್ತಲೂ ರೆಸಿಸ್ಟ್ ಸರಿದು ಕಣ್ಣಿನಂಥ ಉಂಗುರ ಮಾಡಿಕೊಂಡಿತ್ತು. ದಪ್ಪ ಹೆಚ್ಚುಕಮ್ಮಿಯಾದಲ್ಲಿ ಬೆಳಕಿನ ಹೊತ್ತೂ ಬೇರೆಬೇರೆ ಬೇಕು, ಹಾಗಾಗಿ ಒಂದು ಮೂಲೆ ತೊಳೆದು ಹೋಗುವಷ್ಟರಲ್ಲಿ ಇನ್ನೊಂದು ಮೂಲೆ ಇನ್ನೂ ತೆರೆದೇ ಇರಲಿಲ್ಲ.

ರೆಸಿಸ್ಟ್ ಸಮನಾಗಿ ಹರಡಲಿ ಎಂದು ಕಂಪ್ಯೂಟರ್ ಫ್ಯಾನಿನ ಗುಬ್ಬಿಗೆ ಬೋರ್ಡನ್ನು ಅಂಟಿಸಿ ತಿರುಗಿಸಿದ್ದೂ ಆಯಿತು. ತಿರುಗುವ ವೇಗದ ವರ್ಗಮೂಲಕ್ಕೆ ತಕ್ಕಂತೆ ಪದರ ತೆಳುವಾಗುತ್ತದೆ, ಅಂದರೆ ದಪ್ಪ ಅರ್ಧಕ್ಕಿಳಿಯಲು ವೇಗ ನಾಲ್ಕು ಪಟ್ಟು ಬೇಕು. ಲೆಕ್ಕ ದುಂಡಗಿನ ಸಿಲಿಕಾನ್ ಬಿಲ್ಲೆಗೆ ಸೊಗಸಾಗಿ ಕೂಡುತ್ತದೆ. ಚೌಕದ ಬೋರ್ಡಿನ ನಾಲ್ಕು ಮೂಲೆಗಳು ಗಾಳಿಯನ್ನು ಕಡೆಯುತ್ತ ಅಲ್ಲಿ ಮಾತ್ರ ದಪ್ಪ ಉಳಿಸಿಕೊಂಡವು. ಬಚ್ಚಲುಮನೆಯ ಗೋಡೆಗೆ ಮಾತ್ರ ಬಹಳ ಸಮನಾದ ಪದರ ಬಂತು. ತಮ್ಮ ಬಾಗಿಲಲ್ಲಿ ನಿಂತು ಏನೂ ಹೇಳಲಿಲ್ಲ, ಒರೆಸುವ ಬಟ್ಟೆ ತಂದುಕೊಟ್ಟು ಹೋದ.

ಇದರಲ್ಲಿ ನಾನು ಒಬ್ಬಂಟಿಯಲ್ಲ ಅನ್ನುವುದೊಂದು ಸಮಾಧಾನ. 1820ರ ದಶಕದಲ್ಲೇ ಫ್ರಾನ್ಸಿನ ನಿಸೆಫೋರ್ ನಿಯೆಪ್ಸ್ ಲ್ಯಾವೆಂಡರ್ ಎಣ್ಣೆಯಲ್ಲಿ ಕರಗಿಸಿದ ಬಿಟುಮೆನ್ ಅನ್ನು ಲೋಹದ ತಗಡಿಗೆ ಸವರಿ, ಬಿಸಿಲಿಗಿಟ್ಟು, ಗಟ್ಟಿಯಾಗದೆ ಉಳಿದದ್ದನ್ನು ತೊಳೆದು, ಬಯಲಾದ ಲೋಹವನ್ನು ಆಮ್ಲದಲ್ಲಿ ಕೊರೆಯುತ್ತಿದ್ದ. ನಾನು ಮಾಡುತ್ತಿರುವುದೂ ಅಷ್ಟೇ. 1950ರ ದಶಕದಲ್ಲಿ ಕೊಡಾಕ್ ಕಂಪನಿಯ ಲೂಯಿಸ್ ಮಿನ್ಸ್ಕ್ ಮತ್ತು ಜೊತೆಗಾರರ ಪಾಲಿವಿನೈಲ್ ಸಿನಮೇಟ್‌ನಿಂದ ಬಂದ ರೆಸಿಸ್ಟ್ ಕೂಡ ದ್ರವವೇ, ಅದನ್ನೂ ಸಮನಾಗಿ ಸವರಬೇಕಿತ್ತು, ಒಣಗಿಸಬೇಕಿತ್ತು. 1968ರಲ್ಲಿ ಡ್ಯುಪಾಂಟ್ ರಿಸ್ಟನ್ ಹೆಸರಿನ ಒಣ ಫಿಲ್ಮ್ ತಂದಾಗ ಬೋರ್ಡ್ ಮಾಡುವವರ ತಲೆಯ ಮೇಲಿನ ಆ ಹೊರೆ ಇಳಿಯಿತು. ಸವರುವ ಕೆಲಸ ಕಾರ್ಖಾನೆಯಲ್ಲೇ ಮುಗಿದಿರುತ್ತದೆ, ನಮ್ಮ ಪಾಲಿಗೆ ಅಂಟಿಸುವುದಷ್ಟೇ. ಆ ಅಂಟಿಸುವುದರಲ್ಲೇ ನಾನು ಐದು ಸಲ ಎಡವಿದ್ದು. ಮರ್ಯಾದೆಯಿಂದ ಸುರುಳಿಗೆ ವಾಪಸಾದೆ.

ಬೆಳಕಿನ ಬಗ್ಗೆ ಎರಡೇ ಮಾತು. ಚಿತ್ರವನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಟ್ರಾನ್ಸ್‌ಪರೆನ್ಸಿ ಹಾಳೆಯ ಮೇಲೆ ಅಚ್ಚು ತೆಗೆಯಿರಿ, ಶಾಯಿಯ ಮುಖ ಫಿಲ್ಮಿಗೆ ತಾಗಿರಲಿ. ಹಾಳೆಯ ದಪ್ಪ ನಡುವೆ ಬಂದರೆ ಬೆಳಕು ಓರೆಯಾಗಿ ನುಸುಳಿ ಗೆರೆಯ ಅಂಚು ಮಬ್ಬಾಗುತ್ತದೆ. ಹೊತ್ತು ಎಷ್ಟೆಂದು ಯಾರನ್ನೂ ಕೇಳಬೇಡಿ, ಒಂದು ಚೂರು ಬೋರ್ಡಿನ ಮೇಲೆ ರಟ್ಟನ್ನು ಹತ್ತು ಹತ್ತು ಸೆಕೆಂಡಿಗೆ ಒಂದು ಬೆರಳಷ್ಟು ಸರಿಸುತ್ತ ಹೋಗಿ ನೀವೇ ನೋಡಿಕೊಳ್ಳಿ. ನನ್ನ ಪೆಟ್ಟಿಗೆಗೆ ಬಂದ ಉತ್ತರ 50 ಸೆಕೆಂಡು. ಅಂದರೆ ಮೊದಲ ದಿನದ 60 ಹೆಚ್ಚುಕಮ್ಮಿ ಸರಿಯೇ ಇತ್ತು.

ತೊಳೆಯುವಾಗ ಇನ್ನೊಂದು ಪೆದ್ದುತನ. ಗಟ್ಟಿಯಾಗದೆ ಉಳಿದ ರೆಸಿಸ್ಟನ್ನು ತೊಳೆದು ತೆಗೆಯುವ ಡೆವಲಪರ್ ಅಂದರೆ ಒಂದು ಲೀಟರ್ ನೀರಿಗೆ ಹತ್ತು ಗ್ರಾಂ ಸೋಡಿಯಂ ಕಾರ್ಬೊನೇಟ್, ಅಂದರೆ ವಾಷಿಂಗ್ ಸೋಡಾ. ನಾನು ಸೋಡಾ ಅಂದರೆ ಸೋಡಾ ಎಂದು ಅಡುಗೆ ಸೋಡಾ ಕದಡಿಕೊಂಡು ಇಪ್ಪತ್ತು ನಿಮಿಷ ತಟ್ಟೆ ಅಲ್ಲಾಡಿಸಿದೆ. ಫಿಲ್ಮ್ ಕದಲಲಿಲ್ಲ. ಅದರ ಕ್ಷಾರ ಈ ರೆಸಿಸ್ಟಿಗೆ ಸಾಲದು. ಮನೆಯಲ್ಲಿ ಅದೊಂದೇ ಇದ್ದರೆ ಕಾಯಿಸಿದರಾಯಿತು, ನೀರೂ ಇಂಗಾಲದ ಡೈ ಆಕ್ಸೈಡೂ ಹಾರಿಹೋಗಿ ಉಳಿಯುವುದು ಕಾರ್ಬೊನೇಟೇ. 50 ಗ್ರಾಂ ತೂಗಿ ಓವನ್ನಿನಲ್ಲಿ 200 ಡಿಗ್ರಿಗೆ ಇಟ್ಟೆ. ಲೆಕ್ಕದ ಪ್ರಕಾರ 31.5 ಗ್ರಾಂ ಉಳಿಯಬೇಕು, ತಕ್ಕಡಿ 32 ತೋರಿಸಿದಾಗ ಆರಿಸಿದೆ. ದ್ರಾವಣ ಉಗುರುಬೆಚ್ಚಗೆ, 30 ಡಿಗ್ರಿಯ ಹತ್ತಿರ ಇರಲಿ. ಪಾಲಿಯೆಸ್ಟರನ್ನು ಈಗ, ಈಗ ಮಾತ್ರ, ಸುಲಿದು ಅದ್ದಿ ಮೆತ್ತನೆಯ ಬ್ರಷ್ಷಿನಿಂದ ಸವರುತ್ತಿದ್ದರೆ ಒಂದೆರಡು ನಿಮಿಷದಲ್ಲಿ ಸಂದುಗಳಲ್ಲಿ ತಾಮ್ರ ಇಣುಕುತ್ತದೆ. ಅಂಟಿಸುವುದು ಸರಿಯಾಗಿದ್ದರೆ ಬ್ರಷ್ಷಿಗೆ ಹೆದರಬೇಕಾಗಿಲ್ಲ. ಹಿಂದೆಲ್ಲ ನಾನು ಬ್ರಷ್ ತಾಗಿಸಿದರೆ ಗೆರೆ ಎದ್ದು ಬರುತ್ತಿತ್ತು, ಬ್ರಷ್ ಒರಟು ಅಂತ ಅದನ್ನೂ ಬೈದಿದ್ದೆ.

ಎಚ್ಚಿಂಗ್ ಎಲ್ಲರಿಗೂ ಗೊತ್ತಿರುವುದೇ. ಕೊನೆಯಲ್ಲಿ ರೆಸಿಸ್ಟ್ ತೆಗೆಯಲು ಶೇಕಡ 3ರ ಕಾಸ್ಟಿಕ್ ಸೋಡಾ. ಕೈಗವಸು, ಕನ್ನಡಕ ಹಾಕಿಕೊಳ್ಳಿ, ಅದು ಚರ್ಮವನ್ನೂ ಕಣ್ಣನ್ನೂ ಬಿಡುವುದಿಲ್ಲ. ಫಿಲ್ಮ್ ಊದಿಕೊಂಡು ಹಾವಿನ ಪೊರೆಯ ಹಾಗೆ ಕಳಚಿ ಬರುತ್ತದೆ.

ಆರನೇ ಬೋರ್ಡಿಗೆ ಫಿಲ್ಮ್ ಕೂರಿಸಿ ಫೋಟೊ ತೆಗೆದಾಗ ಒಂದೇ ಒಂದು ಗುಳ್ಳೆ ಇತ್ತು, ಸ್ಕ್ರೂ ಕೂರುವ ತೂತಿನ ಪಕ್ಕ, ಅಗಲವಾದ ಗ್ರೌಂಡ್ ತಾಮ್ರದ ನಡುವೆ. ಅಲ್ಲಿ ತೂತು ಬಿದ್ದರೆ ಯಾರಿಗೂ ನಷ್ಟವಿಲ್ಲ ಎಂದು ಗೊತ್ತಿದ್ದೇ ಬಿಟ್ಟೆ. 48 ಕಾಲುಗಳನ್ನೂ ಒಂದೊಂದಾಗಿ ಮೀಟರಿನಲ್ಲಿ ಮುಟ್ಟಿ ನೋಡಿದೆ. ಪಕ್ಕದ ಕಾಲಿಗೆ ಮುಟ್ಟಿದಾಗ ಬೀಪ್ ಇಲ್ಲ, ಗೆರೆಯ ಆಚೆ ತುದಿಗೆ ಮುಟ್ಟಿದಾಗ ಬೀಪ್. ತಮ್ಮ ಬಂದು ಬೋರ್ಡನ್ನು ದೀಪಕ್ಕೆ ಹಿಡಿದ. ತಾಮ್ರದ ನಡುವಿನಿಂದ ಸೂಜಿಮೊನೆಯಷ್ಟು ಬೆಳಕು ತೂರಿ ಬಂತು.

"ಅಕ್ಕಾ, ಇಲ್ಲೊಂದು ತೂತಿದೆ."

"ಗೊತ್ತು," ಅಂದೆ. ಫೋನ್ ತೆಗೆದು ಫೋಟೊ ತೋರಿಸಿದೆ.